ಒಲೀನಾ ಬಾಯಿಬಿಟ್ಟು ಹೇಳಲಿಲ್ಲ

ನಾರ್ಡಾಲ್ ಎಂಬ ನಮ್ಮ ಪುಟ್ಟ ಊರಿನ ಹೈಸ್ಕೂಲಿನಲ್ಲಿ ನಾನು, ಆರ್ಡಿಸ್ ಲುಂಡೇ, ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಪ್ರತಿ ಅಕ್ಟೋಬರಿನಲ್ಲಿ ಎರಡು ವಾರ ಒಂದೇ ಪಾಠ: ಮಾತಿನ ಹೊಟ್ಟೆಯೊಳಗೆ ಕೂತಿರುವ ಮಾತು. ಹೇಳದೆ ಹೇಳುವುದಕ್ಕೆ ನಮ್ಮ ಇಂಗ್ಲಿಷಿನಲ್ಲಿ ಎಷ್ಟೊಂದು ಹೆಸರುಗಳಿವೆ ನೋಡಿ ಎಂದು ಕರಿಹಲಗೆಯ ತುಂಬ ಬರೆಯುತ್ತಿದ್ದೆ. ಒಳ್ಳೆಯ ಮನಸ್ಸಿನಿಂದ ಸೂಚಿಸಿದರೆ ಹಿಂಟ್. ಕೊಂಕು ಸೇರಿಸಿ ಸೂಚಿಸಿದರೆ ಇನ್ಯುಯೆಂಡೊ. ಪದದ ಅರ್ಥಕ್ಕೆ ಅಂಟಿಕೊಂಡು ಬರುವ ವಾಸನೆಗೆ ಕಾನೊಟೇಶನ್. ಅಕ್ಕಪಕ್ಕದ ಎರಡು ಪದಗಳ ನಡುವಿನ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ನ್ಯುಯಾನ್ಸ್. ರೈತರ ಮಕ್ಕಳು ಆಕಳಿಸುತ್ತಾ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿಟ್ಟವರಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುವಾಗ ನನಗೆ ಒಂಥರಾ ಖುಷಿಯೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಜಿಲ್ಲೆಯಲ್ಲೇ ಇಲ್ಲ ಎಂದುಕೊಂಡಿದ್ದೆ. ಆ ಜಂಬ ಇಳಿದದ್ದು ಒಲೀನಾ ಸ್ಕೋಗನ್ ವಿಷಯದಲ್ಲಿ. ಅವಳ ಬಗ್ಗೆ ಬರೆಯಬೇಕಾದರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ. ಬರೆಯುತ್ತೇನೆ.

ಒಲೀನಾ ನಮ್ಮ ಶಾಲೆಯ ಅಡುಗೆಯವಳು. ಎತ್ತರದ ಆಳು, ಅಗಲ ಕೈ, ಮಾತು ಕಡಿಮೆ. ನನ್ನ ಮನೆಯ ಎದುರಿನ ಬೂದು ಬಣ್ಣದ ಮನೆ ಅವಳದು. ಗಂಡ ಬೇಗ ತೀರಿಕೊಂಡಿದ್ದ. ಇದ್ದ ಒಬ್ಬ ಮಗ ಡೇಲ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲೇ ಮದುವೆಯಾಗಿದ್ದ. ಗುರುವಾರ ಅವಳು ದಾಲ್ಚಿನ್ನಿ ಹಾಕಿದ ಬನ್ನು ಮಾಡುತ್ತಿದ್ದಳು. ಆ ದಿನ ಜ್ವರ ಬಂದ ಮಕ್ಕಳೂ ಶಾಲೆಗೆ ಬರುತ್ತಿದ್ದವು. ಒಂದು ಗುರುವಾರ ಶಾಲೆ ಗುಡಿಸುವ ಪಾಲ್ಮರ್ ರಡ್ ನಾಲ್ಕನೇ ಬನ್ನು ಮುಗಿಸಿ, ಬಾಯಿ ಒರೆಸಿಕೊಂಡು, ಕಿಟಕಿಯ ಕಡೆ ನೋಡುತ್ತಾ ಅಂದ:

"ಹೂಂ. ತಿನ್ನಬಹುದು."

ಒಲೀನಾಳ ಕಿವಿ ಕೆಂಪಾಯಿತು. ಅಷ್ಟು ದೊಡ್ಡ ಮಾತನ್ನು ನಾಲ್ಕು ಜನರ ಮುಂದೆ ಹೇಳಿಬಿಟ್ಟನಲ್ಲ ಎಂದು ಅವಳಿಗೆ ಸಂಕೋಚ. ವಾರಗಟ್ಟಲೆ ಅವನನ್ನು ಕಂಡರೆ ತಲೆ ತಗ್ಗಿಸಿ ನಡೆದಳು.

ನಾವು ಅಂಥ ಜನ. ಹೊಗಳುವುದೆಂದರೆ ನಮಗೆ ಒಳಉಡುಪನ್ನು ಬೀದಿಯಲ್ಲಿ ಒಣಹಾಕಿದ ಹಾಗೆ. ತುಂಬಾ ಚೆನ್ನಾಗಿದ್ದರೆ "ತೊಂದರೆಯಿಲ್ಲ" ಅನ್ನುತ್ತೇವೆ. ಸಹಿಸಲಾಗದಷ್ಟು ಕೆಟ್ಟದಾಗಿದ್ದರೆ "ಬೇರೆ ಥರ ಇದೆ" ಅನ್ನುತ್ತೇವೆ. ಕಾಫಿ ಬೇಕಾ ಎಂದು ಯಾರಾದರೂ ಕೇಳಿದರೆ ಮೊದಲ ಸಲ ಬೇಡ ಅನ್ನಬೇಕು, ಎರಡನೇ ಸಲ ನಿಮಗ್ಯಾಕೆ ತೊಂದರೆ ಅನ್ನಬೇಕು, ಮೂರನೇ ಸಲಕ್ಕೆ ಒಂದರ್ಧ ಲೋಟ ಸಾಕು ಅನ್ನಬೇಕು. ಅರ್ಧ ಅಂದರೆ ಪೂರ್ತಿ. ಮೊದಲ ಸಲಕ್ಕೇ ಕೊಡಿ ಎಂದವನನ್ನು ಯಾರೂ ಬಯ್ಯುವುದಿಲ್ಲ. ಅವನು ಹೋದಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ, ಅಷ್ಟೇ.

ಅರವತ್ತಾರನೇ ಇಸವಿಯಲ್ಲಿ ಡೇಲ್ ಮತ್ತು ಅವನ ಹೆಂಡತಿ ಇಬ್ಬರೂ ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಐದು ವರ್ಷದ ಮಗಳು ಲಿನೆಟ್ ಉಳಿದಳು. ಒಲೀನಾ ರೈಲು ಹತ್ತಿ ಹೋಗಿ ಮಗುವನ್ನು ಕರೆದುಕೊಂಡು ಬಂದಳು. ಆ ಮಗು ಮೊದಮೊದಲು ಬಾಯಿಬಡುಕಿ. "ನಂಗೆ ಹಸಿವು!" "ನಂಗೆ ಇದು ಇಷ್ಟ ಇಲ್ಲ!" "ನೀನು ನಂಗೆ ತುಂಬಾ ಇಷ್ಟ ಅಜ್ಜಿ!" ಎಂದು ಅಂಗಡಿಯಲ್ಲಿ, ಚರ್ಚಿನಲ್ಲಿ, ಎಲ್ಲೆಂದರಲ್ಲಿ ಕೂಗುತ್ತಿತ್ತು. ನಾವೆಲ್ಲ ಬೂಟಿನ ತುದಿ ನೋಡಿಕೊಳ್ಳುತ್ತಿದ್ದೆವು. ಒಂದು ವರ್ಷ ಕಳೆಯುವಷ್ಟರಲ್ಲಿ ಅದರ ಬಾಯಿ ನಮ್ಮಂತೆಯೇ ಆಯಿತು. ನನ್ನ ಮನೆಗೆ ಬಂದಾಗ ಬಿಸ್ಕತ್ತಿನ ಡಬ್ಬಿ ಮುಂದಿಟ್ಟರೆ "ಬೇಡ ಮಿಸ್ ಲುಂಡೇ, ನಿಮಗ್ಯಾಕೆ ತೊಂದರೆ" ಅನ್ನುವಳು. ಆರು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು. ನಮ್ಮವಳಾದಳು ಅಂದುಕೊಳ್ಳುತ್ತಿದ್ದೆ.

ಒಲೀನಾ ಆ ಮಗುವನ್ನು ಎಷ್ಟು ಹಚ್ಚಿಕೊಂಡಿದ್ದಳು ಎನ್ನುವುದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಚಳಿಗಾಲದಲ್ಲಿ ಇಬ್ಬರೂ ಶಾಲೆಗೆ ನಡೆದು ಹೋಗುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ ಒಲೀನಾ ಆ ಕಡೆಗೆ ಸರಿದು ನಡೆಯುತ್ತಿದ್ದಳು. ತಿರುವಿನಲ್ಲಿ ಗಾಳಿ ದಿಕ್ಕು ಬದಲಿಸಿದರೆ ಇವಳೂ ಮಗುವಿನ ಹಿಂದಿನಿಂದ ಸುತ್ತಿ ಇನ್ನೊಂದು ಕಡೆಗೆ ಬರುತ್ತಿದ್ದಳು. ನಾನು ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಗುರುವಾರ ದೊಡ್ಡ ತಟ್ಟೆಯ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಬನ್ನೊಂದು ಬೇಯುತ್ತಿತ್ತು, ಅದು ಲಿನೆಟ್‌ಗೆ. ಯಾಕೆ ಎಂದು ಯಾರಾದರೂ ಕೇಳಿದರೆ "ಹಿಟ್ಟು ಮಿಕ್ಕಿತ್ತು" ಅನ್ನುವಳು. ಎರಡು ವರ್ಷ ಪ್ರತಿ ಗುರುವಾರ ಅಷ್ಟೇ ಹಿಟ್ಟು ಮಿಕ್ಕಿತು.

ಅರವತ್ತೆಂಟರ ವಸಂತದಲ್ಲಿ ಮಗುವಿನ ಸೋದರಮಾವ ಗ್ಯಾರಿ ಸಾಕ್ರಮೆಂಟೊದಿಂದ ಅರ್ಜಿ ಹಾಕಿದ. ಅವನಿಗೆ ಮಕ್ಕಳಿರಲಿಲ್ಲ, ಲಿನೆಟ್‌ಳನ್ನು ದತ್ತು ತೆಗೆದುಕೊಳ್ಳುವ ಆಸೆ. ಕೆಟ್ಟವನಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಕಚೇರಿಯಿಂದ ನನಗೂ, ಪಾದ್ರಿಗಳಿಗೂ, ಪಾಲ್ಮರನಿಗೂ ಒಂದೊಂದು ಕಾಗದ ಬಂತು: ಮಿಸೆಸ್ ಸ್ಕೋಗನ್ ಮಗುವನ್ನು ನೋಡಿಕೊಳ್ಳುವ ಬಗ್ಗೆ ನಿಮ್ಮ ಅಭಿಪ್ರಾಯ ಬರೆಯಿರಿ. ಪಾದ್ರಿಗಳು "ತಪ್ಪದೆ ಚರ್ಚಿಗೆ ಬರುತ್ತಾರೆ" ಎಂದು ಬರೆದರು. ಪಾಲ್ಮರ್ "ಇವರಿಗಿಂತ ಕೆಟ್ಟವರನ್ನು ಕಂಡಿದ್ದೇನೆ" ಎಂದು ಬರೆದ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ನಾನು ಮೊದಲು "ಬಹಳ ಒಳ್ಳೆಯ ಅಜ್ಜಿ" ಎಂದು ಬರೆದೆ. ಆಮೇಲೆ ಓದಿದೆ. ಮುಂದೆ ಯಾವತ್ತಾದರೂ ಒಲೀನಾ ಇದನ್ನು ನೋಡಿದರೆ ನಾಚಿಕೆಯಿಂದ ಸತ್ತೇ ಹೋಗುತ್ತಾಳೆ ಅನ್ನಿಸಿತು. ಒಂದು ಗೆರೆ ಎಳೆದು ಹೊಡೆದುಹಾಕಿ, ಕೆಳಗೆ ಬರೆದೆ: "ತೃಪ್ತಿಕರ. ದೂರುವಂಥದ್ದೇನೂ ಇಲ್ಲ." ಎಂಥ ತೂಕದ ವಾಕ್ಯ ಬರೆದೆ ಎಂದುಕೊಂಡು ಅಂಚೆಗೆ ಹಾಕಿದೆ.

ಹತ್ತು ದಿನ ಬಿಟ್ಟು ಕಚೇರಿಯಿಂದ ಮಿಸ್ ಫಸ್ಕೊ ಎಂಬಾಕೆ ಒಲೀನಾಳ ಮನೆಗೆ ಬಂದಳು. ನ್ಯೂಜೆರ್ಸಿಯ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಚುರುಕು ಕಣ್ಣು, ಚುರುಕು ನಾಲಗೆ. ಒಲೀನಾ ಒಬ್ಬಳೇ ಇದ್ದರೆ ಬಾಯೇ ಬಿಡುವುದಿಲ್ಲವೆಂದು ನಾನೂ ಹೋಗಿ ಅಡುಗೆಮನೆಯ ಮೇಜಿನ ಬಳಿ ಕೂತಿದ್ದೆ. ಲಿನೆಟ್‌ಳನ್ನು ಮಹಡಿಗೆ ಕಳಿಸಿದ್ದೆವು.

"ಕಾಫಿ ಕುಡೀತೀರಾ?" ಅಂದಳು ಒಲೀನಾ.

"ಬೇಡ, ಥ್ಯಾಂಕ್ಸ್. ಈಗ್ತಾನೆ ಕುಡ್ಕೊಂಡು ಬಂದೆ."

"ಸ್ವಲ್ಪ ಹಾಕ್ತೀನಿ."

"ಇಲ್ಲ, ನಿಜವಾಗ್ಲೂ ಬೇಡ."

"ಮಾಡಿಟ್ಟಿರೋದೇ ಇದೆ. ಒಂದರ್ಧ ಲೋಟ?"

"ಮಿಸೆಸ್ ಸ್ಕೋಗನ್, ಬೇಡ ಅಂದ್ನಲ್ಲ!"

ಒಲೀನಾ ಪೆಟ್ಟು ತಿಂದವಳಂತೆ ಹಿಂದೆ ಸರಿದಳು. ಮಿಸ್ ಫಸ್ಕೊಗೂ ಕಸಿವಿಸಿಯಾಯಿತು. ಅವಳು ಕಾಗದಗಳನ್ನು ಹರಡಿಕೊಂಡು ನೇರ ವಿಷಯಕ್ಕೆ ಬಂದಳು.

"ಮಗೂನ ಅವಳ ಮಾವ ಕೇಳ್ತಿದ್ದಾರೆ. ನಿಮಗೆ ಇಲ್ಲೇ ಇಟ್ಕೋಬೇಕು ಅಂತಿದ್ಯಾ?"

ಒಲೀನಾ ಮೇಜಿನ ಮೇಲಿನ ಹಾಸನ್ನು ಎಳೆದು ಸರಿಮಾಡಿದಳು. "ಎಲ್ಲಿ ಒಳ್ಳೇದಾಗುತ್ತೋ ಅಲ್ಲಿರ್ಲಿ. ಅವರು ಅನುಕೂಲಸ್ಥರು. ನಾನು ಯಾರಿಗೂ ಅಡ್ಡ ಬರೋಳಲ್ಲ."

"ಅಂದ್ರೆ ನಿಮ್ಮ ಆಕ್ಷೇಪಣೆ ಏನೂ ಇಲ್ಲ?"

"ಆಕ್ಷೇಪಣೆ ಮಾಡೋಕೆ ನಾನ್ಯಾರು?"

"ನೋಡಿ, ಬೇಕಾದ್ರೆ ನಾವೇ ಒಬ್ಬ ವಕೀಲರನ್ನ ಗೊತ್ತು ಮಾಡಿಕೊಡ್ತೀವಿ. ನಿಮಗೆ ಖರ್ಚಿಲ್ಲ."

"ಅಯ್ಯೋ, ನನಗೋಸ್ಕರ ಯಾಕೆ ಅಷ್ಟೆಲ್ಲ."

ಮಿಸ್ ಫಸ್ಕೊ ಬರೆದುಕೊಂಡಳು. ನಾನು ತುಟಿ ಬಿಚ್ಚಲಿಲ್ಲ. ಬಿಚ್ಚುವ ಅಗತ್ಯವೇ ಕಾಣಲಿಲ್ಲ. ನನ್ನ ಕಿವಿಗೆ ಒಲೀನಾ ಕಿರುಚಿಕೊಂಡಷ್ಟು ಗಟ್ಟಿಯಾಗಿ ಹೇಳಿದ್ದಳು: ಇವಳು ನನ್ನ ಮಗು, ಕೊಡುವುದಿಲ್ಲ. ಇನ್ನೇನು, ಈ ಹುಡುಗಿ ಇನ್ನೊಂದು ಸಲ ಕೇಳುತ್ತಾಳೆ, ಆಗ ಒಲೀನಾ ಸಂಕೋಚಪಟ್ಟುಕೊಂಡು ಮಗು ಬೇಕೆಂದು ಒಪ್ಪಿಕೊಳ್ಳುತ್ತಾಳೆ ಎಂದು ಕಾಯುತ್ತಿದ್ದೆ. ಒಲೀನಾಳೂ ಕಾಯುತ್ತಿದ್ದಳು. ಮಿಸ್ ಫಸ್ಕೊ ಪೆನ್ನಿಗೆ ಮುಚ್ಚಳ ಹಾಕಿ, ಕೋಟು ತೊಟ್ಟು, ಹೊರಟುಹೋದಳು.

ಮೇ ತಿಂಗಳಲ್ಲಿ ವರದಿಯ ಪ್ರತಿ ಬಂತು. ಒಲೀನಾ ಅದನ್ನು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು, "ಪುರುಸೊತ್ತಿದ್ರೆ ಒಂಚೂರು ನೋಡು," ಅಂದಳು. ಓದಿದೆ. ಅಜ್ಜಿಗೆ ಮಗುವಿನ ಬಗ್ಗೆ ವಿಶೇಷ ಮಮತೆ ಕಂಡುಬರಲಿಲ್ಲ. ಮಗುವನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆ. ಕಾನೂನಿನ ನೆರವು ಬೇಡ ಎಂದಿದ್ದಾರೆ. ನೆರೆಹೊರೆಯವರ ಅಭಿಪ್ರಾಯವೂ ಅಷ್ಟಕ್ಕಷ್ಟೆ. ಮಗುವನ್ನು ಸೋದರಮಾವನಿಗೆ ಒಪ್ಪಿಸುವುದು ಸೂಕ್ತ.

ನೆರೆಹೊರೆಯವರು ಅಂದರೆ ನಾನು.

"ಏನಂತೆ?" ಅಂದಳು ಒಲೀನಾ.

"ಏನೋ ತಪ್ಪು ತಿಳ್ಕೊಂಡಿದ್ದಾರೆ ಕಣೇ. ನಾನು ಹೋಗಿ ಮಾತಾಡಿ ಬರ್ತೀನಿ."

"ಅಷ್ಟು ದೂರ ನೀನ್ಯಾಕೆ ಸುಮ್ನೆ," ಅಂದಳು. ಆದರೆ ಮರುದಿನ ಬೆಳಗ್ಗೆ ನಾನು ಹೊರಡುವಷ್ಟರಲ್ಲಿ ಬಂದು ನನ್ನ ಕಾರಿನ ಮುಂಗಾಜನ್ನು ಒರೆಸುತ್ತಾ ನಿಂತಿದ್ದಳು.

ಮೂವತ್ತು ಮೈಲಿ. ಕಚೇರಿಯಲ್ಲಿ ಮಿಸ್ ಫಸ್ಕೊ ನನ್ನನ್ನು ಮರ್ಯಾದೆಯಿಂದಲೇ ಕೂರಿಸಿದಳು. ನಾನು ಬರೆದ ಕಾಗದವನ್ನು ಫೈಲಿನಿಂದ ತೆಗೆದು ನನ್ನ ಕಡೆ ತಿರುಗಿಸಿಟ್ಟಳು.

"ಇದು ನಿಮ್ಮ ಅಕ್ಷರ ತಾನೆ, ಮಿಸ್ ಲುಂಡೇ?"

"ಹೌದು. ತೃಪ್ತಿಕರ ಅಂದ್ರೆ ನಮ್ಮಲ್ಲಿ ತುಂಬಾ ದೊಡ್ಡ ಮಾತು."

"ಅದರ ಮೇಲೆ ಬಹಳ ಒಳ್ಳೆಯ ಅಜ್ಜಿ ಅಂತ ಬರೆದಿದ್ರಿ. ಆಮೇಲೆ ಹೊಡೆದು ಹಾಕಿದ್ದೀರಿ."

ನಾನು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಆ ಗೆರೆಯನ್ನು ನೋಡಿದೆ.

"ಯಾಕೆ ಹೊಡೆದು ಹಾಕಿದ್ರಿ?"

"ಜಾಸ್ತಿ ಆಯ್ತು ಅನ್ನಿಸ್ತು."

"ನನಗೂ ಹಾಗೇ ಅರ್ಥ ಆಯ್ತು," ಅಂದಳು ಅವಳು.

ಮಕ್ಕಳು ಬರೆದ ಪದಗಳಿಗೆ ಕೆಂಪು ಗೆರೆ ಎಳೆದೂ ಎಳೆದೂ ಅಭ್ಯಾಸವಾದ ಕೈ ನನ್ನದು. ನನ್ನ ಗೆರೆಯನ್ನು ಇನ್ನೊಬ್ಬರು ಓದುತ್ತಾರೆ ಎನ್ನುವುದು ಹೊಳೆದೇ ಇರಲಿಲ್ಲ. ನಾಚಿಕೆ ಬಿಟ್ಟೆ. ಒಲೀನಾಳಂಥ ಹೆಂಗಸು ಈ ಸೀಮೆಯಲ್ಲೇ ಇಲ್ಲ, ಆ ಮಗು ಅವಳ ಜೀವ, ಕಿತ್ತುಕೊಂಡರೆ ಅವಳು ಉಳಿಯುವುದಿಲ್ಲ ಎಂದು ಬಡಬಡಿಸಿದೆ. ಹೇಳುತ್ತಾ ಹೋದಂತೆ ನನ್ನ ಮಾತು ನನಗೇ ಸಂತೆಯಲ್ಲಿ ಔಷಧಿ ಮಾರುವವನ ಮಾತಿನಂತೆ ಕೇಳಿಸಿತು.

"ಏಪ್ರಿಲ್‌ನಲ್ಲಿ ತೃಪ್ತಿಕರ ಆಗಿದ್ದೋರು ಮೇ ತಿಂಗಳಲ್ಲಿ ದೇವತೆ ಆಗ್ಬಿಟ್ರಾ?" ಅಂದಳು ಮಿಸ್ ಫಸ್ಕೊ. ಆಮೇಲೆ ದನಿ ತಗ್ಗಿಸಿದಳು. "ನೋಡಿ, ಮಕ್ಕಳನ್ನ ಕಿತ್ಕೊಳ್ಳೋ ಹುಚ್ಚು ನನಗಿಲ್ಲ. ನಾನು ಅವರನ್ನೇ ಕೇಳ್ದೆ, ನೀವೂ ಅಲ್ಲೇ ಇದ್ರಿ. ನಮ್ಮಜ್ಜಿ ಆಗಿದ್ರೆ ನನ್ನ ಮೇಲೆ ಪಾತ್ರೆ ಎಸೀತಿದ್ಲು. ವಿಚಾರಣೆಗೆ ಇನ್ನೂ ಮೂರು ವಾರ ಇದೆ. ಮಗು ನನಗೆ ಬೇಕು ಅಂತ ಅವರು ಜಡ್ಜ್ ಮುಂದೆ ಒಂದು ಮಾತು ಹೇಳ್ಲಿ. ಈ ವರದೀನ ನಾನೇ ವಾಪಸ್ ತಗೋತೀನಿ."

ಒಂದು ಮಾತು. ಅಷ್ಟೇ ಬೇಕಾಗಿದ್ದದ್ದು.

ಅವತ್ತು ಮಧ್ಯಾಹ್ನವೇ ಒಲೀನಾಳನ್ನು ಅವಳ ಅಡುಗೆಮನೆಯಲ್ಲಿ ಕೂರಿಸಿಕೊಂಡು ಪಾಠ ಶುರುಮಾಡಿದೆ.

"ಹೇಳು. ಲಿನೆಟ್ ನನಗೆ ಬೇಕು. ಮೂರೇ ಪದ."

"ಎಲ್ಲಾರ್ಗೂ ಗೊತ್ತಿರೋದನ್ನ ಕೋರ್ಟಲ್ಲಿ ನಿಂತ್ಕೊಂಡು ಹೇಳೋದಾ?"

"ಜಡ್ಜ್‌ಗೆ ಗೊತ್ತಿಲ್ಲ ಕಣೇ."

"ನೋಡಿದ್ರೆ ಗೊತ್ತಾಗಲ್ವಾ?"

"ಆಗಲ್ಲ! ನಿನ್ನ ಮುಖ ನೋಡಿದ್ರೆ ಯಾರಿಗೆ ಏನು ಗೊತ್ತಾಗುತ್ತೆ? ಮರದ ಹಲಗೆ ಇದ್ದಂಗಿದೆ! ಹೇಳು ಅಂದ್ರೆ ಹೇಳು."

ಅವಳು ಬಾಯಿ ತೆರೆದಳು. ಮುಚ್ಚಿದಳು. ಕೊನೆಗೆ ಬೇರೆಯೇ ಏನೋ ಹೇಳಿದಳು.

"ಒಂದ್ಸಲ ಹೇಳಿದ್ದೆ, ಆರ್ಡಿಸ್. ಡೇಲ್‌ಗೆ. ಹೋಗ್ಬೇಡ, ನೀನು ನನಗೆ ಇಲ್ಲಿ ಬೇಕು ಅಂತ. ಬಾಯಿಬಿಟ್ಟೇ ಹೇಳ್ದೆ. ಅವನು ಹೋಗೋನು ಹೋದ. ಆದ್ರೆ ಆ ಮಾತು ಹೊತ್ಕೊಂಡು ಹೋದ. ಆರು ವರ್ಷ ಊರ ಕಡೆ ತಲೆ ಹಾಕ್ಲಿಲ್ಲ, ಕಾಗದ ಬರೆಯೋಕೂ ಹೆದರ್ತಿದ್ದ, ಎಲ್ಲಿ ಮತ್ತೆ ಹೇಳ್ತಾಳೋ ಅಂತ. ಹಾಗೇ ಸತ್ತೂ ಹೋದ. ಬೇಕು ಅನ್ನೋದು ಒಬ್ರ ತಲೆ ಮೇಲೆ ಕಲ್ಲು ಹೊರಿಸಿದ ಹಾಗೆ. ದೊಡ್ಡೋನಿಗೇ ತಡ್ಕೊಳ್ಳೋಕಾಗ್ಲಿಲ್ಲ. ಇವಳು ಏಳು ವರ್ಷದೋಳು."

ಎದ್ದುಹೋಗಿ, ತೊಳೆದಿಟ್ಟಿದ್ದ ಬಾಣಲೆಯನ್ನೇ ಮತ್ತೆ ತೊಳೆಯತೊಡಗಿದಳು. ಮೂರು ವಾರ ನಾನು ದಿನಾ ಹೋದೆ. ಬೇಡಿಕೊಂಡೆ, ಬೈದೆ, ಒಂದು ದಿನ ಅತ್ತೂಬಿಟ್ಟೆ. ಆ ಮೂರು ಪದಗಳನ್ನು ಅವಳ ಬಾಯಿಂದ ನಾನು ಕೇಳಲಿಲ್ಲ.

ವಿಚಾರಣೆಯ ದಿನ ನಮ್ಮ ಕಡೆಯ ಜಡ್ಜ್ ಸೊಂಟದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಅವರ ಬದಲು ಸೇಂಟ್ ಪಾಲ್ ನಗರದಿಂದ ಯಾರೋ ಬಂದಿದ್ದರು. ನಮ್ಮವರಾಗಿದ್ದರೆ ಕತೆಯೇ ಬೇರೆ ಇತ್ತೋ ಏನೋ ಎಂದು ಈಗಲೂ ಕೆಲವು ಸಲ ಅಂದುಕೊಳ್ಳುತ್ತೇನೆ. ಬಂದವರೂ ಸಾವಧಾನದ ಮನುಷ್ಯರೇ. ಹಿಂದಿನ ಬೆಂಚುಗಳಲ್ಲಿ ಊರಿನ ಇಪ್ಪತ್ತು ಜನ ಕೂತಿದ್ದೆವು. ಇಪ್ಪತ್ತು ಜನ ಕೆಲಸ ಬಿಟ್ಟು ಬಂದದ್ದೇ ನಮ್ಮ ಲೆಕ್ಕಕ್ಕೆ ದೊಡ್ಡ ಸಾಕ್ಷಿ. ಆದರೆ ಯಾರೂ ಎದ್ದು ಮಾತಾಡುವವರಲ್ಲ. ನನ್ನನ್ನು ಕರೆದರು, ಹೇಳಿದೆ. ಏಪ್ರಿಲಿನ ಕಾಗದವನ್ನು ಗ್ಯಾರಿಯ ವಕೀಲ ಓದಿದ. ನಾನು ಬಂದು ಕೂತೆ.

"ಮಿಸೆಸ್ ಸ್ಕೋಗನ್," ಅಂದರು ಜಡ್ಜ್, "ನೀವೇನು ಹೇಳ್ತೀರಿ?"

ಒಲೀನಾ ಎದ್ದು ನಿಂತಳು. ಚರ್ಚಿಗೆ ಹೋಗುವ ಕೋಟು, ಕೈಯಲ್ಲಿ ಕೈಗವಸು. ಮುಂದಿನ ಸಾಲಿನಲ್ಲಿ ಕೂತಿದ್ದ ಲಿನೆಟ್‌ಳನ್ನು ಒಂದು ಸಲ ನೋಡಿದಳು. ಆಮೇಲೆ ಕೈಗವಸು ನೋಡುತ್ತಾ ಹೇಳಿದಳು:

"ಅವಳು ಇದ್ರೆ ನನಗೇನೂ ತೊಂದರೆ ಇಲ್ಲ."

ನನ್ನ ಪಕ್ಕದಲ್ಲಿ ಪಾಲ್ಮರ್ ಉಸಿರು ಎಳೆದುಕೊಂಡ. ಇಪ್ಪತ್ತು ಜನರೂ ತಲೆ ತಗ್ಗಿಸಿದೆವು. ಅಷ್ಟು ಜನರ ಎದುರಿಗೆ ಒಲೀನಾ ತನ್ನ ಎದೆಯನ್ನೇ ಬಗೆದು ಇಟ್ಟಿದ್ದಳು, ನೋಡಲಾಗಲಿಲ್ಲ ನಮಗೆ. ಗೆದ್ದಳು ಅಂದುಕೊಂಡೆ.

ಜಡ್ಜ್ ಕಾದರು. "ಅಷ್ಟೇನಾ?"

"ಅಷ್ಟೇ."

ಮಿಸ್ ಫಸ್ಕೊ ಕಣ್ಣು ಮುಚ್ಚಿಕೊಂಡಿದ್ದು ನನಗೆ ಕಾಣಿಸಿತು. ಜಡ್ಜ್ ಮಗುವಿನ ಕಡೆ ಬಗ್ಗಿದರು.

"ಲಿನೆಟ್, ನಿನಗೆಲ್ಲಿ ಇರ್ಬೇಕು ಅಂತ ಇದೆ ಮರೀ? ಅಜ್ಜಿ ಹತ್ರಾನಾ, ಮಾವನ ಹತ್ರಾನಾ?"

ಮಗು ಅಜ್ಜಿಯನ್ನು ನೋಡಿತು. ಅಜ್ಜಿ ಕೈಗವಸಿನ ಹೊಲಿಗೆ ನೋಡುತ್ತಿದ್ದಳು.

"ಎಲ್ಲಾದ್ರೂ ಪರವಾಗಿಲ್ಲ," ಅಂದಿತು ಮಗು. "ಯಾರಿಗೂ ತೊಂದರೆ ಆಗ್ದೇ ಇದ್ರೆ ಸಾಕು."

ಅದೇ ದನಿ, ಅದೇ ಧಾಟಿ. ಎಷ್ಟು ಚೆನ್ನಾಗಿ ಹೇಳಿತು ಎಂದು ನಾವು ಹಿಂದಿನ ಬೆಂಚಿನವರು ಮನಸ್ಸಿನಲ್ಲೇ ಮೆಚ್ಚಿದೆವು. ಅರ್ಧ ಗಂಟೆಯಲ್ಲಿ ಮಗುವನ್ನು ಗ್ಯಾರಿಗೆ ಒಪ್ಪಿಸುವಂತೆ ತೀರ್ಪಾಯಿತು.

ಜೂನ್ ಮೊದಲ ವಾರ ಗ್ಯಾರಿಯೇ ಬಂದು ಕರೆದುಕೊಂಡು ಹೋದ. ಬಂದವನು ನಮ್ಮನ್ನೆಲ್ಲ ಅಪ್ಪಿಕೊಂಡ, ಕಣ್ಣಲ್ಲಿ ನೀರು ಹಾಕಿಕೊಂಡ, ಒಲೀನಾಳ ಕೈ ಹಿಡಿದು ನಿಮ್ಮ ಋಣ ತೀರಿಸಲಾರೆ ಅಂದ. ಅವಳು ಬೇಲಿಯ ಗೂಟದ ಹಾಗೆ ನಿಂತಿದ್ದಳು. ಕಾರು ಹೊರಡುವಾಗ ಕಿಟಕಿಯ ಬಳಿ ಬಗ್ಗಿ ಮಗುವಿಗೆ ಹೇಳಿದಳು: "ವಿಮಾನದಲ್ಲಿ ಚಳಿ ಇರುತ್ತಂತೆ. ಸ್ವೆಟರ್ ಕೈಗೆ ಸಿಗೋ ಹಾಗಿಟ್ಕೋ." ಒಳಗೆ ಹೋಗಿ ಅಡುಗೆಮನೆಯ ನೆಲ ಒರೆಸಿದಳು. ಮರುದಿನವೂ ಒರೆಸಿದಳು. ಆ ಬೇಸಗೆ ಮುಗಿಯುವಷ್ಟರಲ್ಲಿ ಅವಳ ಬಟ್ಟೆಗಳೆಲ್ಲ ಮೈಮೇಲೆ ಜೋಲಾಡುತ್ತಿದ್ದವು.

ಅದಾದ ಮೇಲೆ ಒಲೀನಾ ಹದಿನಾರು ವರ್ಷ ಬದುಕಿದ್ದಳು. ಹೆಚ್ಚು ಹೇಳುವುದಕ್ಕೇನಿಲ್ಲ. ಏಳು ವರ್ಷ ಇನ್ನೂ ಬನ್ನು ಬೇಯಿಸಿದಳು, ಆಮೇಲೆ ನಿವೃತ್ತಿಯಾದಳು. ಲಿನೆಟ್‌ಳ ಕಾಗದ ಕ್ರಿಸ್‌ಮಸ್ಸಿಗೊಂದು, ಹುಟ್ಟುಹಬ್ಬಕ್ಕೊಂದು ಬರುತ್ತಿತ್ತು. "ಇಲ್ಲಿ ತೊಂದರೆಯಿಲ್ಲ" ಎಂದು ಬರೆದಿರುತ್ತಿದ್ದಳು. ಒಲೀನಾ ಅದನ್ನು ನನ್ನ ಮುಂದೆ ಹಿಡಿಯುವಳು.

"ಇದು ನಮ್ಮ ತೊಂದರೆಯಿಲ್ಲಾನಾ, ಅವರದ್ದಾ? ನೀನು ಓದಿದೋಳು, ನೋಡಿ ಹೇಳು."

ನಮ್ಮದಾದರೆ ಮಗು ಸುಖವಾಗಿದೆ. ಅವರದಾದರೆ ಹೇಗೋ ದಿನ ದೂಡುತ್ತಿದೆ. ನಾನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. "ನಮ್ಮದೇ ಕಣೇ," ಅನ್ನುತ್ತಿದ್ದೆ. ನನಗೆ ಗೊತ್ತಾಗುತ್ತಿರಲಿಲ್ಲ.

ಹದಿಮೂರು ವರ್ಷವಾದಾಗ ಒಂದು ಸಲ ಆ ಹುಡುಗಿ ತಾನಾಗಿಯೇ ಬರೆದಳು: ಬೇಸಗೆ ರಜೆಗೆ ನಾನು ಅಲ್ಲಿಗೆ ಬರಲಾ ಅಜ್ಜಿ? ಒಲೀನಾ ಆ ಕಾಗದವನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿದಳು. ಆಮೇಲೆ ಉತ್ತರ ಬರೆದಳು: "ಅಷ್ಟು ದೂರ ಬರಲು ನಿನಗ್ಯಾಕೆ ತೊಂದರೆ. ಇಲ್ಲಿ ನೋಡುವಂಥದ್ದೇನೂ ಇಲ್ಲ." ನಾನು ಅದನ್ನು ಓದಿ ಕೂಗಾಡಿದೆ.

"ಬಾ ಅಂತ ಬರಿಯೇ ಪುಣ್ಯಾತ್ಗಿತ್ತಿ! ಒಂದೇ ಅಕ್ಷರ! ಮಗು ತಾನಾಗೇ ಕೇಳ್ತಾ ಇದೆ!"

"ಬರೋ ಮನಸ್ಸಿದ್ರೆ ಇನ್ನೊಂದ್ಸಲ ಕೇಳ್ತಾಳೆ ಬಿಡು," ಎಂದು ಒಲೀನಾ ಲಕೋಟೆಯ ಅಂಚಿಗೆ ನಾಲಗೆ ಸವರಿ ಅಂಟಿಸಿದಳು.

ಆ ಜೂನ್ ತಿಂಗಳಿಡೀ ಅವಳು ಮಹಡಿಯ ಕೋಣೆಯ ಹಾಸಿಗೆ, ಹೊದಿಕೆಗಳನ್ನು ಬಿಸಿಲು ಬಂದ ದಿನವೆಲ್ಲ ಹೊರಗೆ ಹಾಕಿದಳು. ಜುಲೈಯಲ್ಲೂ ಹಾಕಿದಳು. ಆಗಸ್ಟಿನಲ್ಲಿ ನಿಲ್ಲಿಸಿದಳು. ನಾನೇ ಗುಟ್ಟಾಗಿ ಆ ಹುಡುಗಿಗೆ ಬರೆಯಬಹುದಿತ್ತು. ಬರೆಯಲಿಲ್ಲ. ಇನ್ನೊಬ್ಬರ ಮನೆಯ ವಿಷಯದಲ್ಲಿ ಕೈಹಾಕಬಾರದು ಎಂದು ನಾನು ನನಗೆ ಹೇಳಿಕೊಂಡೆ. ನಿಜ ಏನೆಂದರೆ, ಏಪ್ರಿಲ್ ತಿಂಗಳಲ್ಲಿ ನಾನು ಬರೆದ ಕಾಗದದ ವಿಷಯ ಎಲ್ಲಿ ಬರುತ್ತದೋ ಎಂದು ಹೆದರಿದ್ದೆ.

ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಒಲೀನಾ ಹೋದಳು. ಮಣ್ಣು ಮಾಡುವ ದಿನ ಲಿನೆಟ್ ಬಂದಿದ್ದಳು. ಇಪ್ಪತ್ತಮೂರು ವರ್ಷ, ಅಜ್ಜಿಯದೇ ಎತ್ತರ, ಅದೇ ಅಗಲ ಕೈ. ಆ ಚಳಿಗೆ ಎಲ್ಲಿಗೂ ಸಾಲದ ಒಂದು ತೆಳ್ಳನೆ ಕೋಟು. ಚರ್ಚಿನ ನೆಲಮಾಳಿಗೆಯಲ್ಲಿ ಊಟ ನಡೆಯುತ್ತಿತ್ತು. ನಾನು ತಟ್ಟೆ ಹಿಡಿದು ಅವಳ ಪಕ್ಕ ಕೂತೆ.

"ನೀವು ಮಿಸ್ ಲುಂಡೇ ಅಲ್ವಾ? ಬಿಸ್ಕತ್ತು ಕೊಡ್ತಿದ್ರಿ," ಅಂದಳು. ಆಮೇಲೆ ಆಲೂಗಡ್ಡೆಯನ್ನು ಫೋರ್ಕಿನಲ್ಲಿ ಆಚೀಚೆ ಸರಿಸುತ್ತಾ ನೆಟ್ಟಗೆ ಕೇಳಿದಳು. ಕ್ಯಾಲಿಫೋರ್ನಿಯಾದವರ ಹಾಗೆ, ಸುತ್ತಿ ಬಳಸದೆ. "ಅಜ್ಜಿಗೆ ನಾನು ಭಾರ ಆಗಿದ್ದೆ ಅಲ್ವಾ?"

"ಏನಂದೆ?"

"ಆ ಕಚೇರಿಯೋಳು ಬಂದಿದ್ದ ದಿನ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ನಾನು ಅಡ್ಡ ಬರೋಳಲ್ಲ, ಕರ್ಕೊಂಡು ಹೋಗ್ಲಿ ಅಂತ ಅಜ್ಜಿ ಹೇಳಿದ್ದು ಕೇಳಿಸ್ತು. ಕೋರ್ಟಲ್ಲಿ ಅವರ ಮುಖ ನೋಡ್ದೆ, ನನ್ನ ನೋಡ್ಲೇ ಇಲ್ಲ. ಅದಕ್ಕೇ ಎಲ್ಲಾದ್ರೂ ಪರವಾಗಿಲ್ಲ ಅಂದೆ. ಬೇಡ ಅಂದೋರ ಮನೇಲಿ ಇರ್ತೀನಿ ಅನ್ನೋಕೆ ಅವಮಾನ ಆಯ್ತು. ರಜಕ್ಕೆ ಬರ್ತೀನಿ ಅಂದಾಗ್ಲೂ ಬೇಡ ಅಂದ್ರು."

ನಾನು ಫೋರ್ಕು ಕೆಳಗಿಟ್ಟೆ. ಎರಡು ವರ್ಷದಲ್ಲಿ ಆ ಮಗು ನಮ್ಮ ಮಾತು ಆಡುವುದಕ್ಕೆ ಕಲಿತಿತ್ತು. ಕೇಳಿಸಿಕೊಳ್ಳುವುದಕ್ಕೆ ಇನ್ನೂ ಕಲಿತಿರಲಿಲ್ಲ. ಇಪ್ಪತ್ತು ಜನ ಹಿಂದೆ ಕೂತಿದ್ದೆವು, ಒಬ್ಬರಿಗೂ ಅದು ಹೊಳೆಯಲಿಲ್ಲ.

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಅಕ್ಕಪಕ್ಕದವರು ನೋಡುತ್ತಿದ್ದರು, ನೋಡಲಿ. ಎಲ್ಲ ಹೇಳಿದೆ. ನಾನು ಹೊಡೆದುಹಾಕಿದ ಸಾಲನ್ನೂ ಹೇಳಿದೆ. ನಿನ್ನ ಅಜ್ಜಿಗೆ ಈ ಪ್ರಪಂಚದಲ್ಲಿ ನಿನ್ನನ್ನು ಬಿಟ್ಟು ಬೇರೇನೂ ಬೇಕಿರಲಿಲ್ಲ, ನೀನು ಹೋದಮೇಲೆ ಅವಳು ಬದುಕಿದ್ದೂ ಅಷ್ಟಕ್ಕಷ್ಟೇ ಎಂದು ಗಟ್ಟಿಯಾಗಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕಣ್ಣು ತುಂಬಿಕೊಂಡಿತ್ತು. ಮುಖದಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

"ಹಾಗಂತ ಅಜ್ಜಿ ನಿಮ್ಮ ಹತ್ರ ಹೇಳಿದ್ರಾ?"

ಸುಳ್ಳು ಹೇಳಬಹುದಿತ್ತು. ಹೌದು ಅಂದಿದ್ದರೆ ಆ ಹುಡುಗಿ ನೆಮ್ಮದಿಯಾಗಿ ಹೋಗುತ್ತಿದ್ದಳೇನೋ. ಆದರೆ ಮಣ್ಣು ಇನ್ನೂ ಹಸಿಯಿತ್ತು, ಬಾಯಿ ಬರಲಿಲ್ಲ.

"ಇಲ್ಲ."

"ಯಾರ ಹತ್ರ ಹೇಳಿದ್ರು?"

"ಯಾರ ಹತ್ರನೂ ಹೇಳ್ಲಿಲ್ಲ, ಮಗೂ. ಹೇಳೋ ಅಗತ್ಯ ಇರ್ಲಿಲ್ಲ. ಊರಿಗೆಲ್ಲಾ ಗೊತ್ತಿತ್ತು."

"ನನಗೆ ಗೊತ್ತಿರ್ಲಿಲ್ಲ, ಮಿಸ್ ಲುಂಡೇ," ಅಂದಳು ಲಿನೆಟ್.

ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದಳು. ಕತ್ತಲಾಗುವ ಮುಂಚೆ ಮಿನಿಯಾಪೊಲಿಸ್ ಸೇರಬೇಕಿತ್ತು ಅವಳು, ರಸ್ತೆಯಲ್ಲಿ ಮಂಜು ಗಟ್ಟಿಯಾಗುತ್ತಿತ್ತು. ನಾನು ಬಾಗಿಲವರೆಗೂ ಹಿಂದೆಯೇ ಹೋದೆ. ಅವಳು ತೆಳ್ಳನೆ ಕೋಟಿನ ಗುಂಡಿ ಹಾಕಿಕೊಂಡು ಕಾರಿನ ಕಡೆ ನಡೆದಳು.